ಒಲೆಯಿಂದ ಇಳಿದದ್ದು ಎಷ್ಟು ಹೊತ್ತಿಗೆ?

ಪ್ರಿಯ ಗೆಳತಿ,

ನಿಮ್ಮ ಪತ್ರ ಸಿಕ್ಕಿತು. ಸ್ಟುಟ್‌ಗಾರ್ಟಿನಿಂದ ಸನ್ನಿವೇಲ್‌ಗೆ ಸಂಸಾರ ಎತ್ತಿಕೊಂಡು ಬಂದವರು, ಹೊಸ ಮನೆ, ಹೊಸ ಕೆಲಸ, ಮಗನ ಶಾಲೆ ಎಲ್ಲವನ್ನೂ ಎರಡೇ ಸಾಲಿನಲ್ಲಿ ಮುಗಿಸಿ, ಉಳಿದ ಕಾಗದವನ್ನೆಲ್ಲ ಬ್ರೆಡ್ಡಿನ ದೂರಿಗೆ ಮೀಸಲಿಟ್ಟಿದ್ದೀರಿ. ಓದಿ ನಗು ಬಂತು. ನಕ್ಕದ್ದು ನಿಮ್ಮ ಕಷ್ಟಕ್ಕಲ್ಲ ಮಾರಾಯ್ರೆ, ಧಾರವಾಡದ ಹೆಣ್ಣುಮಗಳೊಬ್ಬಳು ಜರ್ಮನಿಯ ಬ್ರೆಡ್ಡಿಗಾಗಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಹಂಬಲಿಸುತ್ತಿದ್ದಾಳಲ್ಲ, ಅದಕ್ಕೆ. ಬಾಯಿಗೆ ಒಂದು ರುಚಿ ಹತ್ತಿತೆಂದರೆ ಅದು ಯಾವ ಊರಿನದು, ಯಾರ ಕುಲದ್ದು ಎಂದು ನಾಲಿಗೆ ಕೇಳುವುದಿಲ್ಲ.

ನಿಮ್ಮ ಪ್ರಶ್ನೆ ಇಷ್ಟು: ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಗೋಡೆಯುದ್ದಕ್ಕೂ ಬ್ರೆಡ್ಡು ಜೋಡಿಸಿದ್ದಾರೆ, ಅದರಲ್ಲಿ ಒಂದಕ್ಕಾದರೂ ಹಲ್ಲಿಗೆ ಕೆಲಸ ಕೊಡುವ ತೊಗಟೆ ಇಲ್ಲ, ಎಲ್ಲದರಲ್ಲೂ ಸಕ್ಕರೆ, ಗಟ್ಟಿ ತೊಗಟೆಯ ಯುರೋಪಿನ ಥರದ ಬ್ರೆಡ್ಡು ಇಲ್ಲಿ ಎಲ್ಲಿ ಸಿಗುತ್ತದೆ? ಅಂಗಡಿಗಳ ಹೆಸರು ಕೊಡುತ್ತೇನೆ, ಗಾಬರಿಯಾಗಬೇಡಿ. ಆದರೆ ಅದಕ್ಕೆ ಮೊದಲು ಒಂದು ತಕರಾರಿದೆ. ‘ಎಲ್ಲಿ’ ಎನ್ನುವುದು ನೀವು ಕೇಳಬೇಕಾದ ಎರಡನೆಯ ಪ್ರಶ್ನೆ. ಮೊದಲನೆಯದು ‘ಎಷ್ಟು ಹೊತ್ತಿಗೆ’. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಈ ಬೇ ಏರಿಯಾದ ಅತ್ಯುತ್ತಮ ಬೇಕರಿಯಲ್ಲಿ ಬೆಳಗಿನ ಜಾವ ಬೆಂದ ಬಾಗೆಟ್ ಸಂಜೆ ಆರಕ್ಕೆ ಸಾಧಾರಣ ಬ್ರೆಡ್ಡಾಗಿರುತ್ತದೆ. ನಡುಮಟ್ಟದ ಬೇಕರಿಯಲ್ಲಿ ಈಗಷ್ಟೇ ಇಳಿದದ್ದು ಅದನ್ನು ಸೋಲಿಸುತ್ತದೆ. ಇಷ್ಟು ವರ್ಷ ಇಲ್ಲಿ ಬ್ರೆಡ್ಡು ಹುಡುಕಿಕೊಂಡು ತಿರುಗಿದವನಾಗಿ ನನ್ನ ಗಟ್ಟಿ ಅಭಿಪ್ರಾಯ ಇದೊಂದೇ. ಮಿಕ್ಕದ್ದರಲ್ಲಿ ನೀವು ನನ್ನ ಜೊತೆ ಜಗಳ ಆಡಬಹುದು.

ಯಾಕೆ ಹೀಗೆ ಎನ್ನುವುದನ್ನು ನಿಮ್ಮ ಊರಿನ ಖಡಕ್ ರೊಟ್ಟಿಯಿಂದಲೇ ಹೇಳುತ್ತೇನೆ. ಜೋಳದ ಖಡಕ್ ರೊಟ್ಟಿ ತಿಂಗಳಾದರೂ ಖಡಕ್ಕಾಗಿಯೇ ಇರುತ್ತದೆ. ಅದರಲ್ಲಿ ಒಳಗು ಹೊರಗು ಎನ್ನುವ ಭೇದವಿಲ್ಲ, ನೀರಿನ ಪಸೆ ಎಲ್ಲ ಕಡೆಯಿಂದಲೂ ಹೋಗಿರುತ್ತದೆ. ಬ್ರೆಡ್ಡಿನ ಕಥೆ ಬೇರೆ. ಅದರ ತೊಗಟೆ ಒಣಗಿದ್ದು, ತಿರುಳು ಹಸಿ. 230, 250 ಡಿಗ್ರಿ ಸೆಲ್ಸಿಯಸ್ಸಿನ ಒಲೆಯೊಳಗಿದ್ದರೂ ತಿರುಳಿನ ಬಿಸಿ 100ನ್ನು ದಾಟುವುದಿಲ್ಲ, ಯಾಕೆಂದರೆ ಅಲ್ಲಿ ನೀರಿದೆ. ನೀರೆಲ್ಲ ಆವಿಯಾಗಿ ಹೋದ ಹೊರಗಿನ ಪದರ ಮಾತ್ರ ಅದಕ್ಕಿಂತ ಬಹಳ ಮೇಲೆ ಏರಿ ಕೆಂಪಾಗುತ್ತದೆ. ಹೀಗೆ ಒಣ ತೊಗಟೆ ಮತ್ತು ಒದ್ದೆ ತಿರುಳು ಒಂದೇ ಚರ್ಮದೊಳಗೆ ಸಂಸಾರ ಹೂಡುತ್ತವೆ. ಒಲೆಯಿಂದ ಇಳಿಸಿದ ಗಳಿಗೆಯಿಂದಲೇ ಒಳಗಿನ ತೇವ ಹೊರಗೆ ಹೊರಡುತ್ತದೆ. ಬಾಗೆಟ್ಟಿನಂಥ ತೆಳ್ಳನೆಯ ಬ್ರೆಡ್ಡಿಗೆ ನಾಲ್ಕಾರು ತಾಸು, ದಪ್ಪ ತೊಗಟೆಯ ದೊಡ್ಡ ಉಂಡೆಗೆ ಒಂದು ದಿನ ಅಥವಾ ಸ್ವಲ್ಪ ಹೆಚ್ಚು. ಆಮೇಲೆ ತೊಗಟೆ ಚರ್ಮವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರಂತೂ ತೇವಕ್ಕೆ ಆಚೆ ಹೋಗಲು ದಾರಿಯೇ ಇಲ್ಲ, ಪೂರ್ತಿ ತೊಗಟೆಯಲ್ಲೇ ಇಂಗುತ್ತದೆ. ಅಮೆರಿಕದ ಸೂಪರ್‌ಮಾರ್ಕೆಟ್ಟಿನ ಮುಕ್ಕಾಲು ಪಾಲು ಸಮಸ್ಯೆ ಆ ಪ್ಲಾಸ್ಟಿಕ್ ಚೀಲ.

ಒಳ್ಳೆಯ ತೊಗಟೆ ಹುಟ್ಟುವುದು ಒಲೆಯೊಳಗಿನ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ. ಬೇಕರಿಯ ಒಲೆಗಳಲ್ಲಿ ಬ್ರೆಡ್ಡು ಒಳಗೆ ಹೋದ ಕೂಡಲೇ ಹಬೆ ಬಿಡುತ್ತಾರೆ. ಹಬೆ ತಂಪು ಹಿಟ್ಟಿನ ಮೇಲೆ ನೀರಾಗಿ ಕೂತು, ಮೇಲಿನ ಪಿಷ್ಟವನ್ನು ಅಂಟಿನ ಪೊರೆಯನ್ನಾಗಿ ಮಾಡುತ್ತದೆ. ಆ ಪೊರೆ ಬೇಗ ಗಟ್ಟಿಯಾಗುವುದಿಲ್ಲ, ಬ್ರೆಡ್ಡು ಉಬ್ಬುವುದಕ್ಕೆ ಜಾಗ ಕೊಡುತ್ತದೆ. ಬೇಕರ್ ಬ್ಲೇಡಿನಿಂದ ಗೀರಿದ ಕಡೆ ಬಾಯಿಬಿಟ್ಟು ಅರಳುತ್ತದೆ. ಆಮೇಲೆ ಹಬೆ ಹೊರಗೆ ಬಿಟ್ಟು ಒಣ ಬಿಸಿಯಲ್ಲಿ ಬೇಯಿಸುತ್ತಾರೆ. ಆಗ ನಡೆಯುವುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ: ಸಕ್ಕರೆಯೂ ಪ್ರೋಟೀನಿನ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದು ಬಣ್ಣ ಮತ್ತು ನೂರಾರು ಬಗೆಯ ವಾಸನೆಗಳನ್ನು ಹುಟ್ಟಿಸುತ್ತವೆ. ಬ್ರೆಡ್ಡಿನ ರುಚಿ ಬಹುಪಾಲು ತೊಗಟೆಯಲ್ಲೇ ಇರುವುದು ಈ ಕಾರಣಕ್ಕೆ. ಇಳಿಸಿದ ಮೇಲೆ ತಣಿಯುತ್ತ ತಣಿಯುತ್ತ ತೊಗಟೆ ಬಿರುಕು ಬಿಟ್ಟು ಚಿಟಪಟ ಅನ್ನುತ್ತದೆ. ಬೇಕರಿಯವರು ಅದನ್ನು ಬ್ರೆಡ್ಡು ಹಾಡುವುದು ಅನ್ನುತ್ತಾರೆ. ನೀವು ಕಿವಿಯಿಟ್ಟು ಕೇಳುವಂಥದ್ದು. ಅಂಗಡಿಯಲ್ಲಿ ಯಾರಾದರೂ ನೋಡಿದರೆ ನೋಡಲಿ ಬಿಡಿ.

ನೀವು ಬಂದು ನಿಂತ ಸೀಮೆಯ ತಮಾಷೆ ಏನೆಂದರೆ, ಇಡೀ ಅಮೆರಿಕದಲ್ಲಿ ಬ್ರೆಡ್ಡಿಗೆ ಹೆಸರಾದ ಊರು ಇರುವುದು ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಸಾವರ್‌ಡೋ, ಹೆಪ್ಪು ಹಾಕಿ ಹುಳಿ ಬರಿಸಿದ ಬ್ರೆಡ್ಡು. 1849ರಲ್ಲಿ ಚಿನ್ನದ ಬೇಟೆಯ ಕಾಲಕ್ಕೆ ಇಸಿಡೋರ್ ಬೂಡನ್ ಎಂಬ ಫ್ರೆಂಚ್ ಮೂಲದವನು ಇಲ್ಲಿ ಬೇಕರಿ ತೆರೆದ. ಆ ಬೂಡನ್ ಬೇಕರಿ ಈಗಲೂ ಇದೆ. ಪ್ರವಾಸಿಗಳು ಫಿಶರ್‌ಮನ್ಸ್ ವಾರ್ಫಿಗೆ ಹೋಗಿ, ಟೊಳ್ಳು ಮಾಡಿದ ಹುಳಿ ಬ್ರೆಡ್ಡಿನೊಳಗೆ ಚಿಪ್ಪುಮೀನಿನ ಸೂಪು ಹಾಕಿಸಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ಇಲ್ಲಿನ ಮಂಜಿನಿಂದಲೇ ಆ ಹುಳಿ ಬರುತ್ತದೆ, ಬೇರೆಲ್ಲೂ ಆಗುವುದಿಲ್ಲ ಎಂಬ ಕಥೆಯನ್ನೂ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ.

ನಂಬಬೇಡಿ. ಬರ್ಕ್ಲಿಯ ಪಕ್ಕದ ಆಲ್ಬನಿಯಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಯ ಪ್ರಯೋಗಾಲಯವಿದೆ. ಅಲ್ಲಿನ ಕ್ಲೈನ್ ಮತ್ತು ಸುಗಿಹಾರ ಎಂಬ ವಿಜ್ಞಾನಿಗಳು ಸ್ಯಾನ್ ಫ್ರಾನ್ಸಿಸ್ಕೊದ ಬೇಕರಿಗಳ ಹೆಪ್ಪು ತಂದು ಪರೀಕ್ಷಿಸಿ, 1971ರಲ್ಲಿ ಹುಳಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪ್ರಕಟಿಸಿದರು. ಮುಂದೆ ಅದಕ್ಕೆ ಈ ಊರಿನ ಹೆಸರನ್ನೇ ಇಟ್ಟು ಲ್ಯಾಕ್ಟೋಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸೆನ್ಸಿಸ್ ಎಂದರು. ಅದರ ಜೊತೆಗಾರ ಯೀಸ್ಟಿಗೆ ಮಾಲ್ಟೋಸ್ ಸಕ್ಕರೆ ಬೇಡ, ಬ್ಯಾಕ್ಟೀರಿಯಾಕ್ಕೆ ಅದೇ ಬೇಕು. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವುದಿಲ್ಲವಾದ್ದರಿಂದ ಹೆಪ್ಪು ವರ್ಷಗಟ್ಟಲೆ ನೆಟ್ಟಗೆ ನಡೆಯುತ್ತದೆ. ಆದರೆ ಹುಡುಕುತ್ತ ಹೋದಂತೆ ಅದೇ ಬ್ಯಾಕ್ಟೀರಿಯಾ ಜರ್ಮನಿಯ, ಇಟಲಿಯ ಹಳೆಯ ಹೆಪ್ಪುಗಳಲ್ಲೂ ಸಿಕ್ಕಿತು. ಸ್ಟುಟ್‌ಗಾರ್ಟಿನಲ್ಲಿ ನೀವು ತಿಂದ ಬ್ರೆಡ್ಡಿನಲ್ಲಿಯೂ ಅದು ಇದ್ದಿರಬಹುದು. ಮಂಜಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು, ಇದು ನನ್ನ ಸ್ವಂತದ್ದು. ಹುಳಿಯ ಕೀರ್ತಿ ಈ ಊರಿನ ಬ್ರೆಡ್ಡಿಗೆ ಒಳ್ಳೆಯದು ಮಾಡಿದ್ದಕ್ಕಿಂತ ಕೆಟ್ಟದ್ದು ಮಾಡಿದ್ದೇ ಹೆಚ್ಚು. ಹುಳಿ ಇದ್ದರೆ ಸಾಕು, ಬ್ರೆಡ್ಡು ಒಳ್ಳೆಯದು ಎಂದು ಜನ ತೀರ್ಮಾನಿಸಿಬಿಟ್ಟರು. ಈಗ ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಸಾವರ್‌ಡೋ ಎಂದು ಬರೆದ, ಮೊದಲೇ ಹೋಳು ಮಾಡಿದ, ಪ್ಲಾಸ್ಟಿಕ್ಕಿನಲ್ಲಿ ಬೆವರುವ ಬ್ರೆಡ್ಡು ಇದೆ. ಕೆಲವದರಲ್ಲಿ ಹುಳಿಗೆಂದು ವಿನೆಗರನ್ನೋ ಆಮ್ಲವನ್ನೋ ಸುರಿದಿರುತ್ತಾರೆ, ಹಿಂದಿನ ಚೀಟಿ ಓದಿ ನೋಡಿ. ಹಳೆಯ ದೊಡ್ಡ ಬೇಕರಿಗಳು ಒಂದೊಂದಾಗಿ ಹೋದವು. ಲಾರಬೂರು 1976ರಲ್ಲಿ ಬಾಗಿಲು ಹಾಕಿತು, ಪಾರಿಸಿಯನ್ 2005ರಲ್ಲಿ. ನೀವು ಕೇಳುತ್ತಿರುವ ತೊಗಟೆ ಆ ಪರಂಪರೆಯಿಂದ ನೇರವಾಗಿ ಬಂದದ್ದಲ್ಲ. ಅದು ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ ಇನ್ನೊಮ್ಮೆ ಹುಟ್ಟಿಬಂತು.

ಅದಕ್ಕೆ ಮುಂಚೆ ಅಮೆರಿಕದ ಬ್ರೆಡ್ಡು ಮೆತ್ತಗಾದದ್ದು ಹೇಗೆಂದು ಒಂದು ಕ್ಷಣ ನೋಡಿ. 1928ರ ಜುಲೈಯಲ್ಲಿ ಮಿಸ್ಸೂರಿ ರಾಜ್ಯದ ಚಿಲಿಕೋಥಿ ಎಂಬ ಸಣ್ಣ ಊರಿನಲ್ಲಿ, ಆಟೊ ರೋವೆಡರ್ ಎಂಬವನ ಯಂತ್ರದಿಂದ ಕೊಯ್ದ ಬ್ರೆಡ್ಡು ಮೊದಲ ಬಾರಿಗೆ ಮಾರಾಟಕ್ಕೆ ಬಂತು. ಎರಡು ವರ್ಷದಲ್ಲಿ ವಂಡರ್ ಬ್ರೆಡ್ ಅದನ್ನು ದೇಶವಿಡೀ ಹರಡಿತು. ಯಂತ್ರ ನೀಟಾಗಿ ಕೊಯ್ಯಬೇಕಾದರೆ ಬ್ರೆಡ್ಡು ಚೌಕವಾಗಿ, ಮೆತ್ತಗೆ, ಎಲ್ಲ ಕಡೆ ಒಂದೇ ಸಮನಾಗಿ ಇರಬೇಕು. ಕೊಯ್ದ ಮೇಲೆ ಒಣಗಬಾರದೆಂದರೆ ಗಾಳಿಯಾಡದಂತೆ ಸುತ್ತಬೇಕು. ಸುತ್ತಿದರೆ ತೊಗಟೆ ಹೇಗಿದ್ದರೂ ಮೆದು. ಸಕ್ಕರೆ, ಎಣ್ಣೆ ಹಾಕಿದರೆ ಇನ್ನಷ್ಟು ದಿನ ಮೆದು. ಯಾರೂ ಕೂತು ತೊಗಟೆಯನ್ನು ಕೊಲ್ಲೋಣ ಎಂದು ಹೊಂಚು ಹಾಕಲಿಲ್ಲ, ಅನುಕೂಲ ಒಂದರ ಹಿಂದೆ ಒಂದು ಬಂತು ಅಷ್ಟೆ. ಆ ಸಕ್ಕರೆ ಎಲ್ಲಿಗೆ ಹೋಗಿ ಮುಟ್ಟಿತೆಂದರೆ, 2020ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟು ಸಬ್‌ವೇ ಸ್ಯಾಂಡ್‌ವಿಚ್ಚಿನ ಬ್ರೆಡ್ಡು ಅಲ್ಲಿನ ತೆರಿಗೆ ಕಾನೂನಿನ ಲೆಕ್ಕದಲ್ಲಿ ಬ್ರೆಡ್ಡೇ ಅಲ್ಲ ಎಂದು ತೀರ್ಪಿತ್ತಿತು. ಹಿಟ್ಟಿನ ತೂಕದ ನೂರಕ್ಕೆ 2ಕ್ಕಿಂತ ಹೆಚ್ಚು ಸಕ್ಕರೆ ಇರಕೂಡದು, ಇದರಲ್ಲಿ 10 ಇತ್ತು. ನಿಮ್ಮ ನಾಲಿಗೆ ಕೊಟ್ಟ ತೀರ್ಪೂ ಅದೇ ತಾನೆ?

ಈಗ ಬರ್ಕ್ಲಿ. ಶಾಟಕ್ ಅವೆನ್ಯೂ ಎಂಬ ರಸ್ತೆಗೆ ನೀವು ಒಮ್ಮೆ ಹೋಗಲೇಬೇಕು. ಒಂದು ಬದಿಯಲ್ಲಿ ಆಲಿಸ್ ವಾಟರ್ಸ್ 1971ರಲ್ಲಿ ತೆರೆದ ಶೆ ಪನೀಸ್ ರೆಸ್ಟೊರೆಂಟು, ಎದುರು ಬದಿಯಲ್ಲಿ ಚೀಸ್ ಬೋರ್ಡ್. ಚೀಸ್ ಬೋರ್ಡ್ 1967ರಲ್ಲಿ ದಂಪತಿಗಳಿಬ್ಬರು ಶುರು ಮಾಡಿದ ಪುಟ್ಟ ಚೀಸ್ ಅಂಗಡಿ. ನಾಲ್ಕು ವರ್ಷದ ನಂತರ ಅವರು ಅದನ್ನು ಕೆಲಸಗಾರರಿಗೇ ಮಾರಿ ತಾವೂ ಅವರಲ್ಲಿ ಒಬ್ಬರಾದರು. ಇಂದಿಗೂ ಅಲ್ಲಿ ಮಾಲೀಕನೆಂಬವನಿಲ್ಲ, ಕೌಂಟರಿನ ಹಿಂದೆ ನಿಂತವರೇ ಮಾಲೀಕರು. ಚೀಸಿನ ಜೊತೆಗೆ ಇರಲಿ ಎಂದು ಶುರುವಾದ ಬಾಗೆಟ್ ಈಗ ಅಲ್ಲಿನ ದೊಡ್ಡ ಆಕರ್ಷಣೆ. ಪಕ್ಕದಲ್ಲೇ ಅವರ ಪಿಜ್ಜಾ ಅಂಗಡಿ. ದಿನಕ್ಕೆ ಒಂದೇ ಬಗೆ, ಅದೂ ಯಾವತ್ತೂ ಸಸ್ಯಾಹಾರಿ. ನಮ್ಮ ಕನ್ನಡದ ಮಂದಿ ಬರ್ಕ್ಲಿಗೆ ಬಂದಾಗ ಪ್ರಶ್ನೆ ಕೇಳದೆ ತಿನ್ನಬಹುದಾದ ಅಪರೂಪದ ಜಾಗ. ಇದೇ ಮಾದರಿಯಲ್ಲಿ 1997ರಲ್ಲಿ ಓಕ್ಲೆಂಡಿನಲ್ಲಿ ಆರಿಸ್ಮೆಂಡಿ ಎಂಬ ಸಹಕಾರಿ ಬೇಕರಿ ಹುಟ್ಟಿತು, ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಮೊಂಡ್ರಾಗಾನ್ ಸಹಕಾರ ಚಳವಳಿಗೆ ಬೀಜ ಹಾಕಿದ ಪಾದ್ರಿಯ ಹೆಸರಿನಲ್ಲಿ. ಸಹಕಾರ ಸಂಘ ಎಂದರೆ ನಮಗೆ ಸೊಸೈಟಿ ಸಕ್ಕರೆ, ಸೀಮೆಎಣ್ಣೆ ನೆನಪಾಗುತ್ತದೆ. ಇಲ್ಲಿ ಬಿಸಿ ಬ್ರೆಡ್ಡು.

ಶೆ ಪನೀಸಿನಲ್ಲಿ ತಟ್ಟೆ ಎತ್ತುವ ಕೆಲಸಕ್ಕಿದ್ದ ಸ್ಟೀವ್ ಸಲಿವನ್ ಎಂಬ ವಿದ್ಯಾರ್ಥಿ, ಇಂಗ್ಲೆಂಡಿನ ಎಲಿಜಬೆತ್ ಡೇವಿಡ್ 1977ರಲ್ಲಿ ಪ್ರಕಟಿಸಿದ ಬ್ರೆಡ್ಡಿನ ಪುಸ್ತಕ ಓದಿ, ಆ ರೆಸ್ಟೊರೆಂಟಿನ ಅಡುಗೆಮನೆಯಲ್ಲೇ ಬ್ರೆಡ್ಡು ಮಾಡತೊಡಗಿದ. ಮಾಡುತ್ತ ಮಾಡುತ್ತ ಅಡುಗೆಮನೆಯ ಒಲೆ ಸಾಲದೆ ಹೋಯಿತು. 1983ರಲ್ಲಿ ಸ್ಯಾನ್ ಪಾಬ್ಲೊ ಅವೆನ್ಯೂವಿನಲ್ಲಿ ಹೆಂಡತಿಯ ಜೊತೆ ಆಕ್ಮೆ ಬ್ರೆಡ್ ಕಂಪನಿ ತೆರೆದ. ಈಗ ಬೇ ಏರಿಯಾದ ಎಷ್ಟೋ ರೆಸ್ಟೊರೆಂಟು, ಕಿರಾಣಿ ಅಂಗಡಿಗಳಿಗೆ ಬೆಳಗಾಗುವುದರೊಳಗೆ ಆಕ್ಮೆಯ ವ್ಯಾನು ಬಂದು ಹೋಗಿರುತ್ತದೆ. ನಿಮಗೆ ಹತ್ತಿರದ ಉತ್ತರ ಇದೇ: ನಿಮ್ಮ ಮನೆ ಪಕ್ಕದ ಒಳ್ಳೆಯ ಕಿರಾಣಿ ಅಂಗಡಿಯಲ್ಲಿ ಬಾಯಿ ತೆರೆದ ಕಾಗದದ ಚೀಲದಲ್ಲಿ ನಿಂತಿರುವ ಆಕ್ಮೆ ಬಾಗೆಟ್ ಇದೆಯೇ ನೋಡಿ, ಬೆಳಿಗ್ಗೆ ಹೋಗಿ ತನ್ನಿ. ಒಂದು ಎಚ್ಚರ, ಈ ಊರಿನಲ್ಲಿ ಬ್ರೆಡ್ಡಿನ ಮೇಲೆ ‘ಸ್ವೀಟ್’ ಎಂದು ಬರೆದಿದ್ದರೆ ಹೆದರಿ ಓಡಬೇಡಿ. ಸಕ್ಕರೆ ಹಾಕಿದ್ದಾರೆ ಎಂದಲ್ಲ, ಹುಳಿಯಲ್ಲದ್ದು ಎಂದಷ್ಟೇ ಅರ್ಥ. ನಿಮಗೆ ಬೇಕಾದ್ದು ಬಹುಶಃ ಅದೇ. ಅಥವಾ ಅವರ ಲೆವೇನ್ ಉಂಡೆ: ಹಿತವಾದ ಹುಳಿ, ದಪ್ಪ ಕರಿಗೆಂಪು ತೊಗಟೆ, ಎರಡು ದಿನ ಮರ್ಯಾದೆಯಿಂದ ಇರುತ್ತದೆ.

ಆಕ್ಮೆ ಬಗ್ಗೆ ನನಗೆ ಗೌರವ ಬೇರೆಯ ಕಾರಣಕ್ಕೂ ಇದೆ. ಅದು ಬೇ ಏರಿಯಾ ಬಿಟ್ಟು ಆಚೆಗೆ ಹೋಗಲಿಲ್ಲ. ಅದೇ ದಶಕದಲ್ಲಿ, 1989ರಲ್ಲಿ, ಲಾಸ್ ಏಂಜಲೀಸಿನಲ್ಲಿ ನ್ಯಾನ್ಸಿ ಸಿಲ್ವರ್ಟನ್ ಲಾ ಬ್ರಿಯಾ ಬೇಕರಿ ಕಟ್ಟಿದಳು. ಅವಳ ಬ್ರೆಡ್ಡೂ ಅದ್ಭುತವೇ. ಆದರೆ ಅದು ದೇಶದಾದ್ಯಂತ ಹೋಗಬೇಕಾಯಿತು, ಅದಕ್ಕೆ ಮುಕ್ಕಾಲು ಬೇಯಿಸಿ, ಹೆಪ್ಪುಗಟ್ಟಿಸಿ, ಲಾರಿಯಲ್ಲಿ ಕಳಿಸಿ, ಅಂಗಡಿಯ ಒಲೆಯಲ್ಲಿ ಕೊನೆಯ ಹತ್ತು ನಿಮಿಷ ಬೇಯಿಸುವ ಉಪಾಯ ಬಂತು. 2001ರಲ್ಲಿ ಐರ್ಲೆಂಡಿನ ಕಂಪನಿಯೊಂದು ಅದನ್ನು ಕೊಂಡಿತು. ನಿಮ್ಮ ಸೂಪರ್‌ಮಾರ್ಕೆಟ್ಟಿನ ಮೂಲೆಯಲ್ಲಿ ‘ಇಲ್ಲೇ ಬೇಯಿಸಿದ್ದು’ ಎಂಬ ಫಲಕದ ಕೆಳಗೆ ಇರುವುದು ಬಹುಮಟ್ಟಿಗೆ ಈ ಜಾತಿಯ ಬ್ರೆಡ್ಡು. ಹಾಗೆಂದು ಮೂಗು ಮುರಿಯಬೇಡಿ. ಅರೆಬೆಂದ ಬ್ರೆಡ್ಡನ್ನೇ ಕೊಂಡು ತಂದು ನಿಮ್ಮ ಮನೆಯ ಒಲೆಯಲ್ಲಿ ಕೊನೆಯ ಬೇಯುವಿಕೆ ಮುಗಿಸಿದರೆ, ತೊಗಟೆಯ ಗಡಿಯಾರ ನಿಮ್ಮ ಊಟದ ಮೇಜಿನಲ್ಲೇ ಶುರುವಾಗುತ್ತದೆ. ವಾರದ ನಡುವೆ ಆಫೀಸು ಮುಗಿಸಿ ಬಂದ ರಾತ್ರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಅದರ ತಿರುಳಿನ ರುಚಿ ಮಾತ್ರ ಸಪ್ಪೆ.

ಸ್ಯಾನ್ ಫ್ರಾನ್ಸಿಸ್ಕೊ ನಗರದೊಳಗೆ ಹೋಗುವುದಾದರೆ ಗೆರೆರೊ ಮತ್ತು 18ನೇ ರಸ್ತೆ ಕೂಡುವ ಮೂಲೆಯ ಟಾರ್ಟೀನ್ ಹೆಸರು ಕೇಳಿರುತ್ತೀರಿ. ಚಾಡ್ ರಾಬರ್ಟ್‌ಸನ್ ಮತ್ತು ಎಲಿಸಬೆತ್ ಪ್ರೂಯಿಟ್ 2002ರಲ್ಲಿ ತೆರೆದದ್ದು. ಅದಕ್ಕೆ ಮೊದಲು ಅವರು ಉತ್ತರದ ಪಾಯಿಂಟ್ ರೇಸ್ ಎಂಬ ಹಳ್ಳಿಯಲ್ಲಿ, ಆಲನ್ ಸ್ಕಾಟ್ ಎಂಬ ಆಸ್ಟ್ರೇಲಿಯನ್ ಕುಶಲಕರ್ಮಿ ಕಟ್ಟಿದ ಸೌದೆಯ ಇಟ್ಟಿಗೆ ಒಲೆಯಲ್ಲಿ ಬ್ರೆಡ್ಡು ಸುಡುತ್ತಿದ್ದರು. ಟಾರ್ಟೀನ್ ಮಾಡಿದ ದೊಡ್ಡ ಕ್ರಾಂತಿ ರುಚಿಯದ್ದಕ್ಕಿಂತ ಹೊತ್ತಿನದ್ದು. ಪ್ರಪಂಚದ ಬೇಕರ್‌ಗಳೆಲ್ಲ ನಡುರಾತ್ರಿ ಎದ್ದು ಬೆಳಗಿನ ಗಿರಾಕಿಗೆ ಬೇಯಿಸಿದರೆ, ರಾಬರ್ಟ್‌ಸನ್ ಸಂಜೆ ಐದರ ಸುಮಾರಿಗೆ ಬ್ರೆಡ್ಡು ಇಳಿಸುತ್ತಿದ್ದ. ಜನ ರಾತ್ರಿ ಊಟಕ್ಕೆ ಬ್ರೆಡ್ಡು ತಿನ್ನುತ್ತಾರೆ, ಅವರಿಗೆ ಹನ್ನೆರಡು ತಾಸು ಹಳೆಯದನ್ನು ಯಾಕೆ ಕೊಡಬೇಕು ಎಂಬ ಸಾದಾ ವಿಚಾರ. ರಸ್ತೆ ತುಂಬ ಸಾಲು ನಿಂತು, ತಾಸಿನೊಳಗೆ ಖಾಲಿಯಾಗುತ್ತಿತ್ತು. ಈಗ ಟಾರ್ಟೀನ್ ಹಲವು ಶಾಖೆಗಳ ದೊಡ್ಡ ವ್ಯವಹಾರ, ಆ ಸಂಜೆಯ ಸಾಲಿನ ಬಿಸಿ ಹಳೆಯ ಮಾತಾಯಿತು. ಆದರೆ ಬಹುತೇಕ ಕಪ್ಪಾಗುವವರೆಗೆ ಬೇಯಿಸಿದ ದೊಡ್ಡ ಉಂಡೆಯನ್ನು ಅಮೆರಿಕನ್ನರು ಸೀದುಹೋಗಿದೆ ಎನ್ನದೆ ಕೊಳ್ಳುವುದಕ್ಕೆ ಕಲಿತದ್ದರಲ್ಲಿ ಆ ಅಂಗಡಿಯ ಪಾಲು ದೊಡ್ಡದು.

ಬರ್ಕ್ಲಿ ನಿಮಗೆ 70 ಕಿಲೋಮೀಟರಿನ ಆಸುಪಾಸು, ಟ್ರಾಫಿಕ್ಕಿನಲ್ಲಿ ಅದು ಮೈಸೂರು–ಬೆಂಗಳೂರು. ವಾರವಾರ ಆಗದ ಮಾತು. ನಿಮ್ಮ ಕಡೆಯಲ್ಲೇ ಲಾಸ್ ಗ್ಯಾಟೋಸ್‌ನಲ್ಲಿ ಮನ್ರೇಸಾ ಬ್ರೆಡ್ ಇದೆ. ಮನ್ರೇಸಾ ರೆಸ್ಟೊರೆಂಟಿನ ಬೇಕರ್ ಆಗಿದ್ದ ಏವರಿ ರುಜಿಕಾ, ಮೊದಲು ರೈತರ ಸಂತೆಯಲ್ಲಿ ಮಾರಿ, ಆಮೇಲೆ 2015ರಲ್ಲಿ ಅಂಗಡಿ ಮಾಡಿದ್ದು. ಇನ್ನು ಭಾನುವಾರ ಬೆಳಿಗ್ಗೆ ಮೌಂಟನ್ ವ್ಯೂ ಕ್ಯಾಲ್‌ಟ್ರೇನ್ ನಿಲ್ದಾಣದ ಪಾರ್ಕಿಂಗ್ ಜಾಗದಲ್ಲಿ ನಡೆಯುವ ಸಂತೆ ನಿಮಗೆ ಕಾಲ್ನಡಿಗೆಯ ದೂರವಲ್ಲದಿದ್ದರೂ ಸೈಕಲ್ಲಿನ ದೂರ. ಅಲ್ಲಿ ಸೊಪ್ಪು, ಬೆಂಡೆ, ಕರಿಬೇವಿಲ್ಲದ ಕೊರಗು ಎಲ್ಲ ಮುಗಿಸಿಕೊಂಡು ಕೊನೆಯಲ್ಲಿ ಬ್ರೆಡ್ಡಿನ ಮೇಜಿಗೆ ಹೋಗಿ, ನಾನು ಮೊದಲೇ ಹೇಳಿದ ಪ್ರಶ್ನೆ ಕೇಳಿ: ಇದು ಒಲೆಯಿಂದ ಇಳಿದದ್ದು ಎಷ್ಟು ಹೊತ್ತಿಗೆ? ಒಳ್ಳೆಯ ಬೇಕರಿಯವನಿಗೆ ಈ ಪ್ರಶ್ನೆ ಕೇಳಿದರೆ ಮುಖ ಅರಳುತ್ತದೆ, ನಿಂತು ಮಾತಾಡುತ್ತಾನೆ. ‘ಎಲ್ಲವೂ ಫ್ರೆಶ್ಶು’ ಎಂದಷ್ಟೇ ಉತ್ತರ ಬಂದರೆ ಪಕ್ಕದ ಸೊಪ್ಪಿನವನ ಹತ್ತಿರ ವಾಪಸು ಹೋಗಿ.

ಕೈಗೆತ್ತಿಕೊಂಡು ನೋಡುವ ಲಕ್ಷಣಗಳೂ ಇವೆ. ಬೆನ್ನಿಗೆ ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ಬಣ್ಣ ಹಳದಿಯಾಗಿದ್ದರೆ ಬೇಡ, ಕರಿಗೆಂಪು ಹುಡುಕಿ. ಹೆಚ್ಚು ಬೆಂದದ್ದನ್ನೇ ಕೊಡಿ ಎಂದು ಕೇಳಿದರೆ ಅವರು ಬೇಸರಿಸುವುದಿಲ್ಲ, ಬಹುಶಃ ಅವರೂ ಮನೆಗೆ ಒಯ್ಯುವುದು ಅದನ್ನೇ. ತೊಗಟೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಹಿಟ್ಟು ರಾತ್ರಿಯೆಲ್ಲ ತಂಪಿನಲ್ಲಿ ನಿಧಾನ ಹುದುಗಿದೆ ಎಂದು ತಿಳಿಯಿರಿ. ಯಂತ್ರದಲ್ಲಿ ಕೊಯ್ದು ಕೊಡಲೇ ಎಂದರೆ ಬೇಡ ಅನ್ನಿ. ಕೊಯ್ದ ಪ್ರತಿಯೊಂದು ಮುಖವೂ ತೇವಕ್ಕೆ ಹೊಸ ಬಾಗಿಲು. ಒಳ್ಳೆಯ ಹಲ್ಲಿನ ಚಾಕು ಒಂದು ಕೊಳ್ಳಿ, ಸಾಕು.

ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಾಲಿತ್ತು: ‘ಯುರೋಪಿನಲ್ಲಾದರೆ ಎಲ್ಲಿ ಕೊಂಡರೂ ಒಳ್ಳೆಯ ಬ್ರೆಡ್ಡು.’ ದೂರದ ಬೆಟ್ಟ ನುಣ್ಣಗೆ, ಗೆಳತಿ. ಹಿಟ್ಟಿಗೆ ಹುದುಗಲು ಹೊತ್ತು ಕೊಡದೆ ಯಂತ್ರದ ರಭಸದಿಂದ ನಾದಿ, ಮಧ್ಯಾಹ್ನದೊಳಗೆ ಬ್ರೆಡ್ಡು ಮಾಡಿ ಮುಗಿಸುವ ಚಾರ್ಲಿವುಡ್ ವಿಧಾನ 1961ರಲ್ಲಿ ಕಂಡುಹಿಡಿದದ್ದು ಇಂಗ್ಲೆಂಡಿನಲ್ಲಿ. ಫ್ರಾನ್ಸಿನಲ್ಲಿಯೂ ಯುದ್ಧದ ನಂತರ ಹಿಟ್ಟನ್ನು ಅತಿಯಾಗಿ ನಾದಿ ಬೆಳ್ಳಗೆ ಮಾಡಿ, ಬೇಗ ಉಬ್ಬಿಸಿ, ಬಾಗೆಟ್ಟನ್ನು ಸಪ್ಪೆ ಹತ್ತಿಯಾಗಿಸಿದ್ದರು. ರೇಮಂಡ್ ಕಾಲ್ವೆಲ್ ಎಂಬ ಬ್ರೆಡ್ಡಿನ ಪ್ರಾಧ್ಯಾಪಕ ಇದರ ವಿರುದ್ಧ ಜೀವಮಾನವಿಡೀ ಕೂಗಾಡಿದ. ಕೊನೆಗೆ 1993ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿ, ‘ಫ್ರೆಂಚ್ ಸಂಪ್ರದಾಯದ ಬ್ರೆಡ್ಡು’ ಎಂದು ಕರೆಯಬೇಕಾದರೆ ಯಾವ ಹಂತದಲ್ಲೂ ಹೆಪ್ಪುಗಟ್ಟಿಸಿರಬಾರದು, ಹೆಚ್ಚುವರಿ ರಾಸಾಯನಿಕ ಹಾಕಿರಬಾರದು ಎಂದಿತು. 1998ರ ಕಾನೂನು ಇನ್ನೂ ಬಿಗಿ: ಅಲ್ಲೇ ನಾದಿ ಅಲ್ಲೇ ಬೇಯಿಸದವನು ಅಂಗಡಿಗೆ ‘ಬೂಲಾಂಜರಿ’ ಎಂದು ಫಲಕ ಹಾಕುವಂತಿಲ್ಲ. ಕಾನೂನು ಬೇಕಾಯಿತೆಂದರೆ ರೋಗ ಎಷ್ಟಿತ್ತೆಂದು ಲೆಕ್ಕ ಹಾಕಿ. ನಿಮ್ಮ ಜರ್ಮನಿಯ ರೈಲು ನಿಲ್ದಾಣಗಳ ಬ್ರೆಡ್ಡಿನಂಗಡಿಗಳಲ್ಲಿ ಕಾರ್ಖಾನೆಯಿಂದ ಬಂದ ಹೆಪ್ಪುಗಟ್ಟಿದ ಹಿಟ್ಟೇ ಒಲೆಗೆ ಹೋಗುವುದನ್ನು ನೀವೂ ನೋಡಿರುತ್ತೀರಿ. ನಿಮ್ಮ ಬೀದಿಯ ಹಳೆಯ ಬೇಕರಿಯ ನೆನಪು ಅದನ್ನು ಮುಚ್ಚಿಹಾಕಿದೆ.

ಕಾಲ್ವೆಲ್ ಮಹಾಶಯನಿಗೂ ಅಮೆರಿಕಕ್ಕೂ ಇನ್ನೊಂದು ನಂಟು ಇದೆ. ಫ್ರೆಂಚ್ ಅಡುಗೆಯನ್ನು ಅಮೆರಿಕನ್ನರ ಮನೆಗೆ ತಂದ ಜೂಲಿಯಾ ಚೈಲ್ಡ್ ಬ್ರೆಡ್ಡು ಕಲಿತದ್ದು ಅವನ ಬಳಿಯೇ. 1970ರ ಅವಳ ಪುಸ್ತಕದಲ್ಲಿ ಮನೆಯ ಒಲೆಯಲ್ಲಿ ಫ್ರೆಂಚ್ ಬ್ರೆಡ್ಡು ಮಾಡುವುದಕ್ಕೆ ಪುಟಗಟ್ಟಲೆ ವಿವರಣೆ ಇದೆ. ಶಿಷ್ಯರು ಗುರುವನ್ನು ಮೀರಿಸಿದ ಕಥೆಯೂ ಉಂಟು: 1996ರಲ್ಲಿ ಪ್ಯಾರಿಸ್ಸಿನ ವಿಶ್ವ ಬೇಕರಿ ಸ್ಪರ್ಧೆಯಲ್ಲಿ ಬಾಗೆಟ್ ಮತ್ತು ವಿಶೇಷ ಬ್ರೆಡ್ಡುಗಳ ವಿಭಾಗದ ಮೊದಲ ಸ್ಥಾನ ಅಮೆರಿಕಕ್ಕೆ ಬಂತು, ಮಾಡಿದವನು ಇಲ್ಲೇ ಸೊನೋಮಾದ ಕ್ರೇಗ್ ಪಾನ್ಸ್‌ಫರ್ಡ್. 1999ರಲ್ಲಿ ಇಡೀ ಸ್ಪರ್ಧೆಯೇ ಅಮೆರಿಕದ ಪಾಲಾಯಿತು. ಫ್ರೆಂಚರ ಮುಖ ಹೇಗಿತ್ತೋ.

ಹಾಗೆಂದು ನಿಮಗೆ ನಿಜಕ್ಕೂ ಬೇಕಾದ, ರೈ ಧಾನ್ಯದ ಹಿಟ್ಟಿನ ಭಾರದ ಬೌವರ್ನ್‌ಬ್ರೋಟ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಇಲ್ಲಿನ ಹೊಸ ಬೇಕರಿಗಳ ಕಣ್ಣೆಲ್ಲ ಫ್ರಾನ್ಸಿನ ಮೇಲೆ, ಸ್ವಲ್ಪ ಇಟಲಿಯ ಮೇಲೆ. ಅಮೆರಿಕ ಗೋಧಿಯ ದೇಶ. 1874ರಿಂದಾಚೆಗೆ ರಷ್ಯಾದ ಕಡೆಯಿಂದ ಕಾನ್ಸಸ್ಸಿಗೆ ವಲಸೆ ಬಂದ ಮೆನೋನೈಟ್ ರೈತರು ತಂದ ಟರ್ಕಿ ರೆಡ್ ಗೋಧಿಯಿಂದ ಇಲ್ಲಿನ ಗಟ್ಟಿ ಗೋಧಿಯ ಬೆಳೆ ಬೆಳೆಯಿತು. ಹೆಚ್ಚು ಪ್ರೋಟೀನು, ಚೆನ್ನಾಗಿ ಉಬ್ಬುವ ಹಿಟ್ಟು. ರೈ ಇಲ್ಲಿ ಪರಿಮಳಕ್ಕೆ ಬೆರೆಸುವ ವಸ್ತು. ಅದಕ್ಕೆ ಜರ್ಮನ್ ಮೂಲದವರ ಸಣ್ಣ ಬೇಕರಿಗಳನ್ನೇ ಸಂತೆಯಲ್ಲಿ ವಿಚಾರಿಸಬೇಕು, ಇಲ್ಲವೇ ಯಾರಾದರೂ ಮನೆಯಲ್ಲಿ ಮಾಡಿ ಮಾರುವವರನ್ನು.

ಮನೆಯಲ್ಲಿ ಮಾಡಿ ಮಾರುವುದು ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾದದ್ದೇ ಬ್ರೆಡ್ಡಿನ ದೆಸೆಯಿಂದ. ಲಾಸ್ ಏಂಜಲೀಸಿನಲ್ಲಿ ಹವ್ಯಾಸಿಯೊಬ್ಬ ಹಿತ್ತಲಿನ ಸೌದೆ ಒಲೆಯಲ್ಲಿ ಬ್ರೆಡ್ಡು ಮಾಡಿ ಹತ್ತಿರದ ಅಂಗಡಿಗಳಿಗೆ ಕೊಡುತ್ತಿದ್ದ. 2011ರಲ್ಲಿ ಪತ್ರಿಕೆಯಲ್ಲಿ ಅವನನ್ನು ಹೊಗಳಿ ಲೇಖನ ಬಂತು, ಬೆನ್ನಿಗೇ ಆರೋಗ್ಯ ಇಲಾಖೆಯವರು ಬಂದರು, ಒಲೆ ಆರಿತು. ಅವನು ಸುಮ್ಮನೆ ಕೂರದೆ ಶಾಸಕರನ್ನು ಹಿಡಿದ. 2012ರಲ್ಲಿ ಮಸೂದೆ ಪಾಸಾಗಿ, 2013ರ ಜನವರಿಯಿಂದ ಬ್ರೆಡ್ಡು, ಜಾಮಿನಂಥ ಬೇಗ ಕೆಡದ ತಿನಿಸುಗಳನ್ನು ಮನೆಯಲ್ಲೇ ಮಾಡಿ ಮಾರಲು ಅನುಮತಿ ಬಂತು. ನಿಮ್ಮ ಬೀದಿಯಲ್ಲೇ ಯಾರಾದರೂ ಶನಿವಾರ ಆರು ಉಂಡೆ ಬೇಯಿಸಿ ಬಾಗಿಲಲ್ಲಿ ಮಾರುತ್ತಿರಬಹುದು. ಆ ಬ್ರೆಡ್ಡು ಇಳಿದ ಹೊತ್ತು ನಿಮಗೆ ನಿಮಿಷದ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಅಥವಾ ನೀವೇ ಮಾಡಿ. ನಾದುವುದು ಬೇಡ. ನ್ಯೂಯಾರ್ಕಿನ ಜಿಮ್ ಲೇಹಿ ಎಂಬ ಬೇಕರನ ವಿಧಾನವನ್ನು ಮಾರ್ಕ್ ಬಿಟ್‌ಮನ್ 2006ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆದ ಮೇಲೆ ಲಕ್ಷಾಂತರ ಮನೆಗಳಲ್ಲಿ ಅದು ನಡೆದಿದೆ. ಮೂರು ಕಪ್ ಹಿಟ್ಟು, ಕಾಲು ಟೀ ಚಮಚ ಯೀಸ್ಟ್, ಒಂದೂಕಾಲು ಟೀ ಚಮಚ ಉಪ್ಪು, ಒಂದೂವರೆ ಕಪ್ಪಿಗಿಂತ ತುಸು ಹೆಚ್ಚು ನೀರು. ಕಲಸಿ ಮುಚ್ಚಿಟ್ಟು 12ರಿಂದ 18 ತಾಸು ಮರೆತುಬಿಡಿ. ಆಮೇಲೆ ಉಂಡೆಯಾಗಿ ಮಡಿಚಿ, ಎರಡು ತಾಸು ಬಿಟ್ಟು, ಮುಚ್ಚಳದ ದಪ್ಪ ಕಬ್ಬಿಣದ ಪಾತ್ರೆಯನ್ನು 230 ಡಿಗ್ರಿಗೆ ಕಾಯಿಸಿ ಅದರೊಳಗೆ ಹಾಕಿ. ಅರ್ಧ ತಾಸು ಮುಚ್ಚಿ, ಮತ್ತೆ ಮುಚ್ಚಳ ತೆಗೆದು ಕೆಂಪಾಗುವವರೆಗೆ. ಗುಟ್ಟು ಮುಚ್ಚಳದಲ್ಲಿದೆ: ಇಲ್ಲಿನ ಮನೆಗಳ ಗ್ಯಾಸ್ ಒಲೆ ಹಬೆಯನ್ನು ಒಳಗೆ ನಿಲ್ಲಗೊಡದೆ ಹೊರಗೆ ಕಳಿಸುತ್ತದೆ, ಪಾತ್ರೆಯಲ್ಲಾದರೆ ಹಿಟ್ಟಿನದೇ ಹಬೆ ಒಳಗೇ ಉಳಿಯುತ್ತದೆ.

ಉಳಿದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿ ಇಡಬೇಡಿ, ದಯವಿಟ್ಟು. ಬ್ರೆಡ್ಡು ಹಳಸುವುದು ಬರೀ ಒಣಗುವುದಲ್ಲ, ಬೆಂದ ಪಿಷ್ಟ ಮತ್ತೆ ಗಟ್ಟಿಯಾಗಿ ಕೂಡಿಕೊಳ್ಳುವುದು. ಫ್ರಿಜ್ಜಿನ ತಂಪಿನಲ್ಲಿ ಅದು ಹೊರಗಿನದಕ್ಕಿಂತ ಜೋರಾಗಿ ನಡೆಯುತ್ತದೆ. ಮೊದಲ ದಿನ ಕೊಯ್ದ ಮುಖ ಕೆಳಗೆ ಮಾಡಿ ಮಣೆಯ ಮೇಲೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ದಿನಕ್ಕಾದರೆ ಫ್ರೀಜರ್. ತಿನ್ನುವ ಮೊದಲು ತೊಗಟೆಯ ಮೇಲೆ ನೀರು ಚಿಮುಕಿಸಿ 190 ಡಿಗ್ರಿಯ ಒಲೆಯಲ್ಲಿ ಎಂಟು ಹತ್ತು ನಿಮಿಷ ಇಟ್ಟರೆ ತಿರುಳು ಮೆತ್ತಗಾಗಿ, ತೊಗಟೆ ಮತ್ತೆ ಗರಿಗರಿ ಆಗುತ್ತದೆ. ಈ ಪವಾಡ ಒಂದು ಸಲ ಮಾತ್ರ, ಬಿಸಿಯಾಗಿರುವಾಗಲೇ ತಿಂದು ಮುಗಿಸಿ. ಅದಕ್ಕೂ ಉಳಿದದ್ದಕ್ಕೆ ಒಗ್ಗರಣೆ ಇದ್ದೇ ಇದೆ. ಗಟ್ಟಿ ತೊಗಟೆಯ ಬ್ರೆಡ್ಡಿನ ಉಪ್ಪಿಟ್ಟು ಮೆತ್ತನೆಯದರಂತೆ ಮುದ್ದೆಯಾಗುವುದಿಲ್ಲ. ಊರಿನಿಂದ ಬಂದ ಹಿರಿಯರು ಅಂಗುಳು ಗೀರುತ್ತದೆ ಎಂದು ಬ್ರೆಡ್ಡನ್ನು ದೂರ ತಳ್ಳಿದಾಗ ನಮ್ಮ ಮನೆಯಲ್ಲಿ ಆಗುವುದೂ ಅದೇ.

ಮುಂದಿನ ಶನಿವಾರ ಸ್ಯಾನ್ ಫ್ರಾನ್ಸಿಸ್ಕೊದ ಫೆರಿ ಬಿಲ್ಡಿಂಗಿನ ಸಂತೆಗೆ ಬರುತ್ತೇನೆಂದು ಬರೆದಿದ್ದೀರಲ್ಲ, ಅಲ್ಲಿ ಒಳಗೆ ಆಕ್ಮೆಯ ಅಂಗಡಿಯೂ ಇದೆ. ರೈಲು ಇಳಿದ ಕೂಡಲೇ ಕೊಳ್ಳಬೇಡಿ. ತರಕಾರಿ ಎಲ್ಲ ಮುಗಿಸಿ, ವಾಪಸು ಹೊರಡುವ ಮುನ್ನ ಕೊಳ್ಳಿ, ಮತ್ತು ಬೆಂಡೆಕಾಯಿ ಇರುವ ಚೀಲದೊಳಗೆ ಅದನ್ನು ತುರುಕಬೇಡಿ. ಎರಡು ಬಾಗೆಟ್ ತೆಗೆದುಕೊಳ್ಳಿ. ಒಂದು ಕ್ಯಾಲ್‌ಟ್ರೇನ್ ಮಿಲ್ಬ್ರೇ ದಾಟುವುದರೊಳಗೆ ಮಗನ ಹೊಟ್ಟೆ ಸೇರಿರುತ್ತದೆ.

ನಿಮ್ಮವ